ಗಿರಿಜನರ ನಡುವೆ ಉದ್ಯೋಗ ಪುನರ್ವಸತಿ: ನನ್ನ ಅನುಭವದ ಕೆಲವು ಮಾತುಗಳು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಭಾಷಣಕಾರರೇ ಬರೆದು ಕೊಟ್ಟದ್ದು.)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ನನ್ನನ್ನೂ ನೆನೆಸಿಕೊಂಡು ಕರೆದಿದ್ದೀರಿ. ನಾನು ಭಾಷಣ ಮಾಡಿ ಅಭ್ಯಾಸವಿರುವವನಲ್ಲ. ಎದುರಿಗೆ ಒಬ್ಬರನ್ನೋ ಇಬ್ಬರನ್ನೋ ಕೂರಿಸಿಕೊಂಡು ಮಾತಾಡಿದವನು. ಕಾರ್ಯದರ್ಶಿಯವರು ಮನೆಗೆ ಬಂದು, "ಅದೇನೋ ಕಾಡಿನ ಜನಕ್ಕೆ ಕೆಲಸ ಕೊಡಿಸ್ತಿದ್ರಲ್ಲ ಸಾರ್, ಅದರ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ಆ "ಅದೇನೋ" ಅನ್ನೋ ಮಾತು ಕೇಳಿ ನಗು ಬಂತು. ಮೂವತ್ತು ವರ್ಷ ಎಂಟನೇ ಮೈಲಿಯಲ್ಲಿ ಬಸ್ಸು ಹತ್ತಿ ಇಳಿದಿದ್ದೀನಿ, ಆದರೂ ನಾನು ಮಾಡುವ ಕೆಲಸ ಏನು ಅಂತ ನಮ್ಮ ಬೀದಿಯವರಿಗೇ ಗೊತ್ತಿರಲಿಲ್ಲ. ಕೆಲವರು ಫಾರೆಸ್ಟ್ ಡಿಪಾರ್ಟ್‌ಮೆಂಟು ಅಂದುಕೊಂಡಿದ್ದರು. ಊರಿಂದ ಬರುವಾಗಲೆಲ್ಲ ಬಾಟಲಿ ತರುತ್ತಿದ್ದೆನಾದ್ದರಿಂದ ಜೇನುತುಪ್ಪದ ವ್ಯಾಪಾರ ಅಂತಲೂ ಒಬ್ಬರು ತಿಳಿದಿದ್ದರು.

ನನ್ನ ಕೆಲಸದ ಹೆಸರು ಉದ್ಯೋಗ ಪುನರ್ವಸತಿ ಸಲಹೆಗಾರ. ಹೆಸರು ಉದ್ದ, ಕೆಲಸ ಅರ್ಥವಾಗದ್ದೇನಲ್ಲ. ಪೀಣ್ಯದ ಪ್ರೆಸ್ ಶಾಪುಗಳಲ್ಲಿ ಬೆರಳು ಕಳಕೊಂಡವರು ನಮ್ಮ ಯಾವ ಬೀದಿಯಲ್ಲಿಲ್ಲ ಹೇಳಿ? ಆಸ್ಪತ್ರೆಯವರು ಗಾಯ ವಾಸಿ ಮಾಡುತ್ತಾರೆ. ಇ.ಎಸ್.ಐ.ನವರು ದುಡಿಯುವ ಶಕ್ತಿ ಎಷ್ಟು ಪರ್ಸೆಂಟ್ ಹೋಯಿತು ಅಂತ ಲೆಕ್ಕ ಹಾಕಿ ಹಣ ಕೊಡುತ್ತಾರೆ. ಅದೆಲ್ಲ ಮುಗಿದ ಮೇಲೆ, ಸೋಮವಾರ ಬೆಳಗ್ಗೆ ಎದ್ದು ಆ ಮನುಷ್ಯ ಎಲ್ಲಿಗೆ ಹೋಗಬೇಕು, ಉಳಿದ ಬೆರಳಲ್ಲಿ ಏನು ಮಾಡಬಲ್ಲ, ಯಾರು ಇಟ್ಟುಕೊಳ್ಳುತ್ತಾರೆ ಅನ್ನೋ ಪ್ರಶ್ನೆ ಉಳಿಯುತ್ತದಲ್ಲ, ಅಲ್ಲಿಂದ ನಮ್ಮ ಕೆಲಸ ಶುರು. ಅವರ ಜೊತೆ ಕೂತು ಮಾತಾಡೋದು, ಏನು ಬರುತ್ತೆ ಅಂತ ನೋಡೋದು, ತರಬೇತಿಗೆ ಕಳಿಸೋದು, ಮಾಲೀಕರ ಹತ್ತಿರ ಹೋಗಿ ಕೇಳೋದು, ಕೆಲಸ ಸಿಕ್ಕ ಮೇಲೂ ಆರು ತಿಂಗಳು ವರ್ಷ ಹಿಂದೆ ಬಿದ್ದು ವಿಚಾರಿಸೋದು.

ಇದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆ ಕಟ್ಟಿದ್ದು 1959ರಲ್ಲಿ. ತಾವೇ ಗಾಲಿಕುರ್ಚಿಯಲ್ಲಿದ್ದ ಹೆಣ್ಣುಮಗಳು ಅವರು. ಕೇಂದ್ರ ಸರ್ಕಾರ ಉದ್ಯೋಗ ಪುನರ್ವಸತಿ ಕೇಂದ್ರಗಳನ್ನು 1968ರಿಂದ ತೆರೆಯುತ್ತಾ ಬಂತು. ನಮ್ಮ ಬೆಂಗಳೂರಿನದು ಹೊಸೂರು ರಸ್ತೆಯಲ್ಲಿ. 1992ರ ಕಾಯ್ದೆ ಬಂದ ಮೇಲೆ ಈ ಕೆಲಸ ಮಾಡುವವರೂ ನೋಂದಣಿ ಮಾಡಿಸಬೇಕು ಅಂತಾಯಿತು. 1995ರಲ್ಲಿ ಒಂದು ಕಾಯ್ದೆ, 2016ರಲ್ಲಿ ಇನ್ನೊಂದು. ಮೊದಲು ಏಳು ಬಗೆಯ ಊನಗಳನ್ನು ಒಪ್ಪಿಕೊಂಡಿದ್ದರು, ಈಗ ಇಪ್ಪತ್ತೊಂದು. ಸರ್ಕಾರಿ ಕೆಲಸದಲ್ಲಿ ಶೇಕಡಾ 3 ಇದ್ದ ಮೀಸಲಾತಿ ಶೇಕಡಾ 4 ಆಯಿತು. ಈ ಅವಧಿಯಲ್ಲಿ ನಾವು ಕರೆಯುವ ಹೆಸರೂ ಬದಲಾಯಿತು. ಅಂಗವಿಕಲರು ಅಂತಿದ್ದದ್ದು ವಿಕಲಚೇತನರು ಆಯಿತು, ಆಮೇಲೆ ದಿವ್ಯಾಂಗರು ಆಯಿತು. ಕಾಡಂಚಿನ ಊರುಗಳಿಗೆ ಹೋಗುವ ಬಸ್ಸಿನ ಮೆಟ್ಟಿಲು ಮಾತ್ರ ನಾನು ಕೆಲಸ ಸೇರಿದಾಗ ಎಷ್ಟು ಎತ್ತರ ಇತ್ತೋ, ಬಿಡುವಾಗಲೂ ಅಷ್ಟೇ ಎತ್ತರ ಇತ್ತು.

ನಾನು 1991ರಲ್ಲಿ ಒಂದು ಸ್ವಯಂಸೇವಾ ಸಂಸ್ಥೆಗೆ ಸೇರಿದೆ. ನನ್ನನ್ನು ಹಾಕಿದ್ದು ಯಳಂದೂರು, ಚಾಮರಾಜನಗರ, ಕೊಳ್ಳೇಗಾಲ, ಆಮೇಲೆ ಹೆಗ್ಗಡದೇವನಕೋಟೆ ಕಡೆಗೆ. ಆಗ ಎಲ್ಲಾ ಮೈಸೂರು ಜಿಲ್ಲೆಯೇ. ಚಾಮರಾಜನಗರ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಬಿಳಿಗಿರಿರಂಗನ ಬೆಟ್ಟದ ಸುತ್ತ ಸೋಲಿಗರು, ಕೋಟೆಯ ಕಡೆ ಜೇನು ಕುರುಬರು. ಸೋಲಿಗರ ವಸತಿಗೆ ಪೋಡು ಅಂತಾರೆ, ಕುರುಬರದ್ದಕ್ಕೆ ಹಾಡಿ ಅಂತಾರೆ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಪರಿಶಿಷ್ಟ ಪಂಗಡದವರು 42 ಲಕ್ಷ ದಾಟುತ್ತಾರೆ. ಆ ದೊಡ್ಡ ಲೆಕ್ಕದಲ್ಲಿ ಜೇನು ಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ, ಅಷ್ಟೇ. ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲೇ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದ್ದರು. ಆಸ್ಪತ್ರೆ, ಶಾಲೆ ಎಲ್ಲಾ ಇತ್ತು. ಕೋಟೆ ಕಡೆ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಿಂದ ಇತ್ತು. ದೊಡ್ಡವರು ದಾರಿ ಮಾಡಿದ್ದ ಕಡೆ ಸಣ್ಣವನಾದ ನಾನು ಒಂದು ಫಾರಂ ಹಿಡಿದುಕೊಂಡು ಹೋದೆ.

ಈ ಫಾರಂ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು.

ಒಂದು ಪೋಡಿನಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ. ಹೆಜ್ಜೇನು ಇಳಿಸಲು ಹೋಗಿ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಉಳಿದುಕೊಂಡ. ಸೊಂಟದ ಕೆಳಗೆ ಶಕ್ತಿ ಕಮ್ಮಿ. ಕ್ಯಾಲಿಪರ್ ಹಾಕಿಕೊಂಡು ಎರಡು ಊರುಗೋಲಲ್ಲಿ ಹತ್ತಿಪ್ಪತ್ತು ಹೆಜ್ಜೆ ನಡೀತಿದ್ದ. ನಾನು ಹೋಗಿ ಜಗಲಿ ಮೇಲೆ ಕೂತು ಫಾರಂ ತುಂಬಿದೆ. ವಿದ್ಯಾಭ್ಯಾಸ: ಇಲ್ಲ. ಹಿಂದಿನ ಉದ್ಯೋಗ: ಇಲ್ಲ. ಕೌಶಲ್ಯ: ಇಲ್ಲ. ಅವನ ತಾಯಿ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಏನ್ ಬರ್ಕೊಂಡ್ರಿ ಬುದ್ಧೀ?" ಅಂದಳು. ಓದಿ ಹೇಳಿದೆ. ಆಕೆ ಸಿಟ್ಟು ಮಾಡಿಕೊಳ್ಳಲಿಲ್ಲ. "ಕೆಲಸ ಇಲ್ದೋನು ಹಂಗಾದ್ರೆ ಅಷ್ಟೆತ್ತರ ಯಾಕ್ ಹತ್ತಿದ್ನೋ" ಅಂತ ಸೊಪ್ಪಿನ ಕಡೆಯೇ ನೋಡುತ್ತಾ ಹೇಳಿದಳು.

ನನಗೆ ಆವಾಗ ಅದು ತಾಯಿಯ ದುಃಖದ ಮಾತು ಅಂತ ಕಾಣಿಸಿತು. ಫಾರಂ ಹಾಗೇ ಆಫೀಸಿಗೆ ಹೋಯಿತು. ಹೊಲಿಗೆ ತರಬೇತಿಯಲ್ಲಿ ಒಂದು ಸೀಟು ಖಾಲಿ ಇತ್ತು, ಕೂತು ಮಾಡುವ ಕೆಲಸ, ಕಳಿಸಿದೆವು. ಕಾಲಲ್ಲಿ ತುಳಿಯಲು ಆಗದವನಿಗೆ ಅಂತ ಮೋಟಾರು ಹಾಕಿದ ಹೊಲಿಗೆ ಯಂತ್ರವನ್ನೇ ಒಂದು ಸಮಾರಂಭ ಮಾಡಿ ಕೊಟ್ಟೆವು. ಫೋಟೋ ತೆಗೆಸಿದೆವು. ನಾಲ್ಕು ತಿಂಗಳು ಬಿಟ್ಟು ವಿಚಾರಿಸಲು ಹೋದರೆ ಯಂತ್ರದ ಮೇಲೆ ಗೋಣಿಚೀಲ, ಅದರ ಕೆಳಗೆ ಕೋಳಿ ಕಾವಿಗೆ ಕೂತಿದೆ. ಪೋಡಿಗೆ ಕರೆಂಟು ಬಂದಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ ಅಂತಲ್ಲ. ರಾತ್ರಿ ಅಲ್ಲೇ ಬುಡ್ಡಿ ದೀಪದಲ್ಲಿ ಊಟ ಮಾಡಿದ್ದೆ. ಎರಡನ್ನೂ ಸೇರಿಸಿ ಯೋಚನೆ ಮಾಡಲಿಲ್ಲ, ಅಷ್ಟೇ. ನಗ್ತಾ ಇದ್ದೀರಿ, ನಗಿ. ನಾನೂ ಈಗ ನಗ್ತೀನಿ. ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನಗು ಬರಲಿಲ್ಲ.

ಮುಂದಿನ ಸಲ ಫಾರಂ ಬ್ಯಾಗಿನಲ್ಲೇ ಇಟ್ಟು ಎರಡು ದಿನ ಅವನ ಜೊತೆ ಸುಮ್ಮನೆ ಕೂತೆ. ಹೆಜ್ಜೇನು, ತುಡುವೆ, ಕಡ್ಡಿಜೇನು ಅಂತ ಒಂದೊಂದರ ಕಾಲ, ಹೂವು, ರುಚಿ ಹೇಳಿದ. ಕತ್ತಲಲ್ಲಿ ಹಸಿಸೊಪ್ಪಿನ ಹೊಗೆ ಹಾಕಿಕೊಂಡು ಹತ್ತುವುದು, ತಟ್ಟಿಯಲ್ಲಿ ಎಷ್ಟು ಕೊಯ್ಯಬೇಕು, ಎಷ್ಟು ಬಿಡಬೇಕು, ಕೆಳಗೆ ಹಗ್ಗ ಹಿಡಿಯುವವನು ಎಂಥವನಾಗಿರಬೇಕು, ಎಲ್ಲ ಹೇಳಿದ. ಯಾರೋ ಒಬ್ಬರು ತಂದ ಜೇನಿನ ಬಾಟಲಿಯನ್ನು ಓರೆ ಮಾಡಿ ಗುಳ್ಳೆ ಏಳೋದು ನೋಡಿ, "ಇದು ನೀರು, ತಿಂಗಳು ನಿಲ್ಲಲ್ಲ, ಹುಳಿ ಬರುತ್ತೆ" ಅಂದ. ಜೇನಿನಲ್ಲಿ ಸಾಮಾನ್ಯವಾಗಿ ನೀರಿನಂಶ ಶೇಕಡಾ 20 ಮೀರಬಾರದು ಅಂತ ಮಾನದಂಡ ಇದೆ, ಅಳೆಯಲು ಯಂತ್ರ ಇದೆ. ಈ ಮನುಷ್ಯ ಕಣ್ಣಲ್ಲಿ ಅಳೀತಿದ್ದ. ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ, ಪಾಚಿ, ಮಾಗಳಿ ಬೇರು, ಯಾವುದರಲ್ಲಿ ಒದ್ದೆ ಇದೆ, ಯಾವುದರಲ್ಲಿ ಮಣ್ಣು ಸೇರಿದೆ, ಕೈಯಲ್ಲಿ ಮುಟ್ಟಿ ಹೇಳುವವನು. ಇವನ ಹೆಸರಿನ ಮುಂದೆ ನಾನು "ಇಲ್ಲ, ಇಲ್ಲ, ಇಲ್ಲ" ಅಂತ ಬರೆದಿದ್ದೆ.

ಇಲ್ಲಿ ಸಹಕಾರ ಸಂಘದ ಮಾತು ಬರುತ್ತೆ, ಅದಕ್ಕೇ ಈ ಕಥೆಯನ್ನು ಆರಿಸಿಕೊಂಡೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಮೊದಲ ಸಹಕಾರ ಸಂಘ ಶುರು ಮಾಡಿದ್ದು ಇಲ್ಲಿ ಎಲ್ಲರಿಗೂ ಗೊತ್ತು, ಹಿಂದೆ ಮಾತಾಡಿದವರೂ ಹೇಳಿದರು. ಗಿರಿಜನರಿಗೂ ಸಹಕಾರ ಸಂಘಗಳಿವೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಲ್ಯಾಂಪ್ಸ್ ಅಂತ ಕರೀತಾರೆ, ಗಿರಿಜನರ ದೊಡ್ಡ ಪ್ರಮಾಣದ ವಿವಿಧೋದ್ದೇಶ ಸಹಕಾರ ಸಂಘ. ಎಪ್ಪತ್ತರ ದಶಕದಿಂದ ಬಂದವು. ಕಾಡಿನ ಉತ್ಪನ್ನವನ್ನು ಸದಸ್ಯರಿಂದ ಕೊಂಡು ಹರಾಜು ಹಾಕುವುದು ಅವುಗಳ ಮುಖ್ಯ ವ್ಯವಹಾರ. ಅಂಥ ಒಂದು ಸಂಘದ ಸಂಗ್ರಹಣಾ ಕೇಂದ್ರದಲ್ಲಿ ಮಾಲು ನೋಡಿ ದರ್ಜೆ ಮಾಡಿ ತೂಕ ಹಾಕುವ ಕೆಲಸಕ್ಕೆ ಇವನನ್ನು ಕೇಳಿದೆವು. "ಕಾಲಿಲ್ಲದವನನ್ನು ಇಟ್ಕೊಂಡು ಏನ್ ಮಾಡೋದು" ಅಂದ ಒಬ್ಬ ನಿರ್ದೇಶಕರು, ಅವನು ಎರಡು ದಿನ ಕೂತು ಮಾಲು ಬೇರ್ಪಡಿಸಿದ್ದು ನೋಡಿ ಸುಮ್ಮನಾದರು. ಬದಲಾಯಿಸಿದ್ದು ಹೆಚ್ಚೇನಿಲ್ಲ. ತಕ್ಕಡಿಯನ್ನು ಒಂದೂವರೆ ಅಡಿ ಇಳಿಸಿ ಕಟ್ಟಿದೆವು, ಕೂರಲು ಹಲಗೆ ಹಾಕಿದೆವು, ಬಾಗಿಲ ಹೊಸ್ತಿಲು ತೆಗೆಸಿದೆವು. ಲೆಕ್ಕ ಬರೆಯಲು ಶಾಲೆಗೆ ಹೋದ ಹುಡುಗಿ ಒಬ್ಬಳು ಜೊತೆಗಿದ್ದಳು. ಹೊಲಿಗೆ ಯಂತ್ರಕ್ಕೆ ಖರ್ಚಾದ ಹಣದಲ್ಲಿ ಕಾಲು ಭಾಗವೂ ಆಗಲಿಲ್ಲ.

ಅವನ ಕೆಲಸ ಚೆನ್ನಾಗಿ ನಡೀತು. ಆದರೆ ಕಾನೂನು ಬಂತು. 1972ರ ವನ್ಯಜೀವಿ ಕಾಯ್ದೆ, ಅದಕ್ಕೆ 2002ರಲ್ಲಿ ತಿದ್ದುಪಡಿ. ಅದರ ಬಿಗಿ ಬೆಟ್ಟದ ಮೇಲೆ ತಟ್ಟಿದ್ದು 2006ರ ಹೊತ್ತಿಗೆ. ಅಭಯಾರಣ್ಯದಿಂದ ಮಾರಾಟಕ್ಕೆ ಏನೂ ತರುವಂತಿಲ್ಲ ಅಂತಾಯಿತು. ಮಾಲೇ ಬಾರದ ಮೇಲೆ ತೂಕ ಹಾಕುವವನಿಗೇನು ಕೆಲಸ? ಅವನ ಜೊತೆ ಕಾಲು ಗಟ್ಟಿ ಇದ್ದವರೂ ಮನೆಯಲ್ಲಿ ಕೂತರು. ಎಷ್ಟೋ ಜನ ಕೂಲಿಗೆ ಕೊಡಗಿನ ಕಾಫಿ ತೋಟದ ಕಡೆ ಹೋದರು, ಅವನು ಹೋಗುವಂತಿರಲಿಲ್ಲ. ಅದೇ 2006ರಲ್ಲಿ ದೆಹಲಿಯಲ್ಲಿ ಅರಣ್ಯ ಹಕ್ಕು ಕಾಯ್ದೆಯೂ ಆಯಿತು, ಕಿರು ಅರಣ್ಯ ಉತ್ಪನ್ನ ಅವರದ್ದೇ ಅಂತ. ಕಾಗದ ದೆಹಲಿಯಿಂದ ಬೆಟ್ಟ ಹತ್ತಲು ಐದು ವರ್ಷ ಬೇಕಾಯಿತು. ಬಿ.ಆರ್.ಟಿ. ಹುಲಿ ಮೀಸಲು ಆದ 2011ರ ಅಕ್ಟೋಬರಿನಲ್ಲೇ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಪತ್ರ ಸಿಕ್ಕಿತು. ಸೋಲಿಗರ ಸಂಘಟನೆಯವರು, ಅವರ ಜೊತೆ ನಿಂತ ಸಂಶೋಧಕರು ಬಹಳ ಓಡಾಡಿದರು. ನಮ್ಮ ಮನುಷ್ಯ ಮತ್ತೆ ತಕ್ಕಡಿ ಮುಂದೆ ಕೂತ, ಅಷ್ಟರಲ್ಲಿ ತಲೆ ಬೆಳ್ಳಗಾಗಿತ್ತು. ಕಾಲು ಹೋದದ್ದಕ್ಕೆ ನಾನು ಏನೋ ಒಂದು ದಾರಿ ಹುಡುಕಬಲ್ಲವನಾಗಿದ್ದೆ. ಆ ಐದು ವರ್ಷ ನನ್ನ ವಿದ್ಯೆಯಲ್ಲಿ ಯಾವ ದಾರಿಯೂ ಇರಲಿಲ್ಲ.

ಅಮೆರಿಕದಲ್ಲಿ ಈ ವಿಷಯದಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಅಲ್ಲಿಯ 1973ರ ಪುನರ್ವಸತಿ ಕಾಯ್ದೆಯ ಅಡಿಯಲ್ಲಿ ಮೂಲನಿವಾಸಿ ಬುಡಕಟ್ಟುಗಳ ಆಡಳಿತಕ್ಕೇ ನೇರವಾಗಿ ಹಣ ಕೊಡುತ್ತಾರೆ. ತಮ್ಮ ಅಂಗವಿಕಲರ ಉದ್ಯೋಗ ಪುನರ್ವಸತಿಯನ್ನು ಅವರೇ ನಡೆಸುತ್ತಾರೆ, ತಮ್ಮ ಸಾಂಪ್ರದಾಯಿಕ ಪದ್ಧತಿಗಳನ್ನೂ ಅದರಲ್ಲಿ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಗಿರಿಜನರ ಯೋಜನೆ ಒಂದು ಇಲಾಖೆ, ವಿಕಲಚೇತನರ ಯೋಜನೆ ಇನ್ನೊಂದು ಇಲಾಖೆ. ಎರಡೂ ಆಗಿರುವ ಮನುಷ್ಯ ಎರಡು ಸರ್ಟಿಫಿಕೇಟ್ ಹಿಡಿದು ಎರಡು ಕೌಂಟರಿನ ಮಧ್ಯೆ ನಿಂತಿರ್ತಾನೆ. ನಾನು ಬಿಡುವ ಹೊತ್ತಿಗೆ ನನ್ನ ಜಾಗಕ್ಕೆ ಪೋಡಿನ ಹುಡುಗನೊಬ್ಬನೇ, ಸಮಾಜಕಾರ್ಯ ಓದಿದವನು, ಬಂದ. ನಾನು ಮೂವತ್ತು ವರ್ಷದಲ್ಲಿ ಕಲಿತದ್ದರಲ್ಲಿ ಅರ್ಧ ಅವನಿಗೆ ಹುಟ್ಟಿದಾಗಿಂದ ಗೊತ್ತು.

ಇನ್ನು ನಮ್ಮ ಊರಿನ ಕಡೆ ಬರ್ತೀನಿ.

ಎಲ್ಲರನ್ನೂ ಕಾಡಿನಲ್ಲೇ ಇರಿ ಅನ್ನಲಿಕ್ಕೆ ಆಗಲ್ಲ. ಓದಿದ ಹುಡುಗರು ಹೊರಗೆ ಬರಬೇಕು ಅಂತಾರೆ, ಬರಲಿ. ಹಾಗೆ ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸಿಗೆ ಕೋಟೆಯ ಹಾಡಿಯಿಂದ ಒಬ್ಬ ಹುಡುಗಿ ಬಂದಳು. ಕೈಕಾಲು ಎಲ್ಲಾ ಸರಿಯಾಗೇ ಇತ್ತು. ಅವಳಿಗಿದ್ದದ್ದು ಸಿಕಲ್ ಸೆಲ್, ಕುಡಗೋಲು ಕಣದ ರಕ್ತಹೀನತೆ. ರಕ್ತದ ಕಣ ಕುಡಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡು ಮೂಳೆ ಮೂಳೆ ನೋವು ಬರುತ್ತೆ. ತಂದೆ ತಾಯಿ ಇಬ್ಬರಿಂದಲೂ ಬರುವ ಕಾಯಿಲೆ, ಅಂಟುವಂಥದ್ದಲ್ಲ. ಜೇನು ಕುರುಬರಲ್ಲೂ ಸೋಲಿಗರಲ್ಲೂ ಕಾಣುತ್ತೆ. 2016ರ ಕಾಯ್ದೆಯಲ್ಲಿ ಸೇರಿದ ಇಪ್ಪತ್ತೊಂದರಲ್ಲಿ ಇದೂ ಒಂದು. 2023ರಲ್ಲಿ ಇದನ್ನು ಹೋಗಲಾಡಿಸಲು ರಾಷ್ಟ್ರಮಟ್ಟದ ಅಭಿಯಾನವೂ ಶುರುವಾಯಿತು. ಇಂಥವರು ನೀರು ಚೆನ್ನಾಗಿ ಕುಡೀಬೇಕು, ವಿಪರೀತ ಚಳಿ, ದಣಿವು ತಗಲಬಾರದು. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಇಲ್ಲಿ ಕೂತಿದ್ದೀರಿ, ನಿಮಗೆ ಗೊತ್ತು: ಟಾಯ್ಲೆಟ್ಟಿಗೆ ಎದ್ದರೆ ಪೀಸು ಕಮ್ಮಿಯಾಗುತ್ತೆ ಅಂತ ನೀರೇ ಕುಡಿಯಲ್ಲ. ಅವಳೂ ಕುಡೀಲಿಲ್ಲ. ತಿಂಗಳಿಗೆ ಎರಡು ಸಲ ನೋವು ಬಂದು ರಜೆ, ಸೂಪರ್‌ವೈಸರ್ ಸೋಮಾರಿ ಅಂದರು. ನಾನು ಹೋಗಿ ಡಾಕ್ಟರ ಚೀಟಿ ಇಟ್ಟು ಮಾತಾಡಿದೆ. ನೀರಿನ ಬಾಟಲಿ ಮಿಷನ್ ಪಕ್ಕ ಇಟ್ಟುಕೊಳ್ಳಲು, ಬೇಕಾದಾಗ ಎದ್ದು ಹೋಗಲು ಒಪ್ಪಿದರು, ಚೆಕಿಂಗ್ ಟೇಬಲ್ಲಿಗೆ ಹಾಕಿದರು. ಒಂದೂವರೆ ವರ್ಷ ಮಾಡಿದಳು, ಆಮೇಲೆ ಮದುವೆಯಾಗಿ ಊರಿಗೆ ಹೋದಳು.

ಇನ್ನೊಬ್ಬ ಹುಡುಗನ ವಿಷಯ ಹೇಳಲೋ ಬೇಡವೋ ಅಂತ ನಿನ್ನೆ ರಾತ್ರಿಯವರೆಗೂ ಯೋಚನೆ ಮಾಡಿದೆ. ಬೆಟ್ಟದ ಕಡೆಯವನು, ಸಣ್ಣವನಿದ್ದಾಗ ಪೋಲಿಯೋ ಆಗಿ ಒಂದು ಕಾಲು ಸಣ್ಣದು. ಐ.ಟಿ.ಐ. ಫಿಟ್ಟರ್ ಪಾಸು ಮಾಡಿದ್ದ. ಅವರ ಪೋಡಿನಲ್ಲಿ ಐ.ಟಿ.ಐ. ಮಾಡಿದ ಮೊದಲನೆಯವನು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕೆಲಸದಲ್ಲಿ ಒಂದು ಮಾತು ಬರಲಿಲ್ಲ. ವರ್ನಿಯರ್ ಹಿಡಿದರೆ ಕೂದಲೆಳೆ ಬಿಡುತ್ತಿರಲಿಲ್ಲ. ಅವನಿಗೆ ಸಿಗದೇ ಇದ್ದದ್ದು ರೂಮು.

ಚೊಕ್ಕಸಂದ್ರ, ಬಾಗಲಗುಂಟೆ, ನಮ್ಮ ಊರು, ಹೆಸರಘಟ್ಟ ರಸ್ತೆ, ನಾನೂ ಅವನೂ ಎರಡು ಭಾನುವಾರ ಸುತ್ತಿದೆವು. ಬೋರ್ಡು ತೂಗು ಹಾಕಿರ್ತಾರೆ, ಕೇಳಿದರೆ ಯಾವ ಊರು, ಯಾವ ಜನ ಅಂತಾರೆ. ಅವನು ಮುಚ್ಚಿಡದೆ ಹೇಳುತ್ತಿದ್ದ. ಒಬ್ಬರು ನಿನ್ನೆ ತಾನೇ ಕೊಟ್ಟುಬಿಟ್ವಿ ಅಂದರು. ಒಬ್ಬರು ಮೂರನೇ ಮಹಡಿ ತೋರಿಸಿ ಇವನ ಕೈಲಿ ಹತ್ತೋಕಾಗುತ್ತಾ ಅಂದರು. ಕೊಡ್ತೀವಿ ಅಂದವರು ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಅವನು ಕಾರ್ಖಾನೆಯ ಪ್ಯಾಕಿಂಗ್ ಜಾಗದಲ್ಲಿ ರಟ್ಟಿನ ಮೇಲೆ ಮಲಗುತ್ತಿದ್ದ. ನಲವತ್ತು ದಿನಕ್ಕೆ ಹೇಳದೆ ಊರಿಗೆ ಹೊರಟುಹೋದ. ನನ್ನ ವರದಿಯಲ್ಲಿ "ನಗರ ಜೀವನಕ್ಕೆ ಹೊಂದಿಕೊಳ್ಳಲಿಲ್ಲ" ಅಂತ ಬರೆದೆ.

ಆ ಎರಡು ಭಾನುವಾರವೂ ನಮ್ಮ ಮನೆ ಹಿಂದಿನ ಶೀಟಿನ ರೂಮು ಖಾಲಿ ಇತ್ತು. ನೆಲದ ಮೇಲೆಯೇ ಇದೆ, ಮೆಟ್ಟಿಲಿಲ್ಲ. ನಮ್ಮ ಮನೆಯವರೇ ಕೇಳಿದರು, "ನಮ್ದೇ ಇದೆಯಲ್ಲ, ಯಾಕೆ ಕೊಡಬಾರದು" ಅಂತ. ನಮ್ಮ ಹತ್ತಿರ ಸಲಹೆಗೆ ಬಂದವರ ಜೊತೆ ಸ್ವಂತ ವ್ಯವಹಾರ ಇಟ್ಟುಕೊಳ್ಳಬಾರದು ಅಂತ ವೃತ್ತಿಯ ನಿಯಮ ಇದೆ ಅಂದೆ. ನಿಯಮ ಇರೋದು ನಿಜ. ಆದರೆ ಆವತ್ತು ನನ್ನ ಮನಸ್ಸಿನಲ್ಲಿದ್ದದ್ದು ಆ ನಿಯಮ ಅಲ್ಲ. ಪಕ್ಕದ ಮನೆಯವರು ಏನಂತಾರೆ ಅನ್ನೋದು. ಇಷ್ಟು ವರ್ಷ ಅವರ ಪೋಡಿನ ಜಗಲಿ ಮೇಲೆ ಮಲಗಿ, ಅವರ ರಾಗಿ ತಿಂದು ಬಂದವನು ನಾನು.

ನಮ್ಮಲ್ಲೂ ಹಿಂದೆ ರಾಗಿ ಹೊಲ ಇದ್ದವು. ಪೀಣ್ಯಕ್ಕೆ ಜಮೀನು ಹೋಯಿತು, ಶೆಡ್ಡು ಬಂದವು, 2007ರಲ್ಲಿ ನಾವು ಮಹಾನಗರ ಪಾಲಿಕೆಗೆ ಸೇರಿದೆವು, 2015ರಲ್ಲಿ ಮೆಟ್ರೋ ಬಂತು. ಕಳಕೊಂಡದ್ದಕ್ಕೆ ಪ್ರತಿಯಾಗಿ ನಮಗೆ ಬಾಡಿಗೆಯಾದರೂ ಬಂತು. ಕಾಡಿನಿಂದ ಎಬ್ಬಿಸಿದವರಿಗೆ ಬಾಡಿಗೆ ಬರೋ ಅಂಥದ್ದೇನೂ ಸಿಗಲಿಲ್ಲ.

ಆ ಹುಡುಗ ಆಮೇಲೆ ಬರಲಿಲ್ಲ. ಅವನಾದ ಮೇಲೆ ಒಬ್ಬೊಬ್ಬರನ್ನೇ ಕಳಿಸೋದು ನಿಲ್ಲಿಸಿ ಮೂರು ಮೂರು ಜನರನ್ನು ಒಟ್ಟಿಗೆ ಕರೆತಂದೆ, ಮೊದಲು ರೂಮು, ಆಮೇಲೆ ಕೆಲಸ ಅಂತ ಮಾಡಿದೆ. ಮೊದಲ ಮೂವರು ಇದ್ದದ್ದು ನಮ್ಮ ಹಿಂದಿನ ರೂಮಿನಲ್ಲೇ. ಅದರಲ್ಲಿ ಇಬ್ಬರು ಇವತ್ತೂ ಪೀಣ್ಯದಲ್ಲಿದ್ದಾರೆ, ಒಬ್ಬ ಕ್ವಾಲಿಟಿ ಇನ್ಸ್‌ಪೆಕ್ಟರ್. ಪಕ್ಕದ ಮನೆಯವರು ಏನೂ ಅನ್ನಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸಿದರು.

ಈಗ ಸಂಘದ ಮುಂದೆ ನನ್ನದೊಂದು ಕೋರಿಕೆ. ನನ್ನ ಜಾಗಕ್ಕೆ ಬಂದಿರುವ ಹುಡುಗ ಮುಂದಿನ ತಿಂಗಳು ನಾಲ್ಕು ಜನರನ್ನು ಕಳಿಸುತ್ತಿದ್ದಾನೆ. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಹುಡುಗರಲ್ಲಿ ಒಬ್ಬನಿಗೆ ಊರುಗೋಲು ಬೇಕು. ಕೆಲಸ ಗೊತ್ತಾಗಿದೆ. ಹುಡುಗಿಯರಿಗೆ ನಮ್ಮ ರೂಮು ಆಯಿತು. ಹುಡುಗರಿಗೆ ನೆಲಮಹಡಿಯಲ್ಲಿ ಒಂದು ರೂಮು ಬೇಕು, ಹತ್ತಿರದಲ್ಲೇ ಟಾಯ್ಲೆಟ್ ಇರಬೇಕು. ಅಡ್ವಾನ್ಸಿಗೆ ಸಂಘದಿಂದ ಸಣ್ಣ ಸಾಲ ಕೊಟ್ಟು ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದುಕೊಳ್ಳಲು ಬೈಲಾದಲ್ಲಿ ಅವಕಾಶ ಇದೆಯೋ ಅಂತ ಆಡಳಿತ ಮಂಡಳಿಯವರು ನೋಡಬೇಕು. ಜಾಮೀನಿಗೆ ನಾನು ಸಹಿ ಹಾಕ್ತೀನಿ. ರೂಮು ಇರುವವರು ಊಟ ಆದ ಮೇಲೆ ಕಾರ್ಯದರ್ಶಿಯವರ ಹತ್ತಿರ ಹೆಸರು ಬರೆಸಿ, ನಾನು ಸಂಜೆವರೆಗೂ ಇಲ್ಲೇ ಇರ್ತೀನಿ.